ಬಾವಿಕಟ್ಟೆಯ ಒಂದೆಲಗ ಆಮ್‌ಸ್ಟರ್‌ಡ್ಯಾಮ್ ತಲುಪಿದ ಕಥೆ

ಒಂದೆಲಗ ಎಂದರೆ ನಮ್ಮ ಕಡೆ ಯಾರಿಗೂ ವಿವರಿಸಬೇಕಾಗಿಲ್ಲ. ಬಾವಿಕಟ್ಟೆಯ ಬುಡ, ಬಚ್ಚಲ ನೀರು ಹರಿದು ಹೋಗುವ ಜಾಗ, ಅಡಿಕೆ ತೋಟದ ಕಪ್ಪಿನ ಬದಿ, ಗದ್ದೆಯಂಚು, ಹಾಡಿಯೊಳಗೆ ನೀರು ಒಸರುವ ತಗ್ಗು, ನಾಗಬನದ ನೆರಳು, ಇಲ್ಲೆಲ್ಲ ನೆಲಕ್ಕೆ ಅಂಟಿಕೊಂಡು ಹಬ್ಬುವ ಪುಟ್ಟ ಬಳ್ಳಿ. ಬಳ್ಳಿ ಎನ್ನುವುದೂ ಜಾಸ್ತಿಯಾಯಿತು. ಮರ ಹತ್ತುವುದಿಲ್ಲ, ಬೇಲಿಗೆ ಸುತ್ತುವುದಿಲ್ಲ. ಗೆಣ್ಣು ಮುಟ್ಟಿದಲ್ಲಿ ಬೇರು ಬಿಡುತ್ತದೆ, ಅಲ್ಲಿಂದ ಮುಂದಿನ ಗೆಣ್ಣಿಗೆ ಹೋಗುತ್ತದೆ. ಒಂದು ಮಳೆಗಾಲ ಬಿಟ್ಟರೆ ಸಾಕು, ಅಂಗೈ ಅಗಲ ಇದ್ದದ್ದು ಚಾಪೆಯಷ್ಟು ಆಗಿರುತ್ತದೆ.

ಅದಕ್ಕೂ ಹೂ ಬಿಡುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಎಲೆಗಳನ್ನು ಸರಿಸಿ ನೆಲದ ಹತ್ತಿರ ಕಾಣಿ, ಕೆಂಪು ಮಿಶ್ರಿತ ನೇರಳೆ ಬಣ್ಣದ, ಸಾಸಿವೆ ಕಾಳಿನಷ್ಟು ದೊಡ್ಡ ಹೂಗಳು ಸಿಗುತ್ತವೆ. ಇನ್ನೊಂದು ವಿಚಾರ, ಇದು ಕೊತ್ತಂಬರಿ, ಜೀರಿಗೆ, ಸೋಂಪು ಇವುಗಳದ್ದೇ ಕುಟುಂಬದ್ದು. ಎಲೆ ಹಿಚುಕಿ ಮೂಸಿದರೆ ದೂರದ ನೆಂಟಸ್ತಿಕೆ ಗೊತ್ತಾಗುತ್ತದೆ.

ಈ ಗಿಡದ ಚರಿತ್ರೆ ಬರೆಯಲು ಹೊರಟ ನಮಗೆ ಮೊದಲು ಎದುರಾದದ್ದು ಹೆಸರುಗಳ ರಾಶಿ. ಕುಂದಾಪುರ, ಬೈಂದೂರು ಕಡೆ ಒಂದೆಲಗ. ಒಂದು ತೊಟ್ಟಿಗೆ ಒಂದೇ ಎಲೆ, ಹಾಗಾಗಿ ಒಂದೆಲೆಯ ಒಂದೆಲಗ. ಕೆಲವು ಮನೆಗಳಲ್ಲಿ ಉರಗೆ ಎಂದೂ ಹೇಳುತ್ತಾರೆ. ಬ್ರಹ್ಮಾವರದ ತುಳು ಮನೆಗಳಲ್ಲಿ ಕೇಳಿದರೆ ತಿಮರೆ. ಗಂಗೊಳ್ಳಿಯ ಕೊಂಕಣಿ ಮನೆಯಲ್ಲಿ ಏಕಪಾನಿ, ಅಂದರೆ ಅದೂ ಒಂದೆಲೆಯೇ. ಘಟ್ಟ ಹತ್ತಿದರೆ ಎಲೆಯ ಆಕಾರ ನೋಡಿ ಇಲಿಕಿವಿ. ಶಾಲೆಗೆ ಹೋಗುವ ಮಕ್ಕಳಿಗೆ ತಿನ್ನಿಸುವಾಗ ಸರಸ್ವತಿ ಎಲೆ. ಅಂಗಡಿಯ ಎಣ್ಣೆ ಬಾಟಲಿ ಮೇಲೆ ಬ್ರಾಹ್ಮಿ. ತಮಿಳರಿಗೆ ವಲ್ಲಾರೈ, ಸಿಂಹಳೀಯರಿಗೆ ಗೊಟುಕೊಲ. ಸಂಸ್ಕೃತದಲ್ಲಿ ಮಂಡೂಕಪರ್ಣಿ. ಮಂಡೂಕ ಎಂದರೆ ಕಪ್ಪೆ. ಕಪ್ಪೆ ಇರುವಲ್ಲೇ ಇದೂ ಇರುವುದರಿಂದ ಆ ಹೆಸರು ಸರಿಯಾಗಿಯೇ ಇದೆ ಅನಿಸುತ್ತದೆ.

ಈ ಹೆಸರುಗಳಲ್ಲಿ ಒಂದು ದೊಡ್ಡ ಗೊಂದಲ ಉಂಟು. ಬ್ರಾಹ್ಮಿ ಎಂದರೆ ಯಾವುದು? ನಾವು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತೇವೆ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಬೇರೆಯೇ ಗಿಡ, ನಮ್ಮವರು ನೀರು ಬ್ರಾಹ್ಮಿ ಎನ್ನುವುದು. ಅದರ ಎಲೆ ಸಣ್ಣದು, ದಪ್ಪ, ಎದುರುಬದುರು ಜೋಡಿಯಾಗಿ ಇರುತ್ತದೆ, ಉದ್ದ ತೊಟ್ಟಿಲ್ಲ. ಹೂ ಬಿಳಿ ಅಥವಾ ತಿಳಿ ನೇರಳೆ. ಎರಡಕ್ಕೂ ಸಂಬಂಧವೇ ಇಲ್ಲ, ಒದ್ದೆ ನೆಲ ಬೇಕು ಎನ್ನುವುದೊಂದು ಬಿಟ್ಟು.

ಇದು ಇಂದಿನ ಗೊಂದಲ ಅಲ್ಲ. ಚರಕ ಸಂಹಿತೆಯಲ್ಲಿ ಬುದ್ಧಿಗೆ ಒಳ್ಳೆಯದು ಎಂದು ನಾಲ್ಕು ಮದ್ದುಗಳ ಪಟ್ಟಿ ಇದೆ. ಅದರಲ್ಲಿ ಮೊದಲ ಹೆಸರೇ ಮಂಡೂಕಪರ್ಣಿಯ ರಸ. ಆಮೇಲೆ ಹಾಲಿನೊಂದಿಗೆ ಜೇಷ್ಠಮಧು, ಅಮೃತಬಳ್ಳಿಯ ರಸ, ಶಂಖಪುಷ್ಪಿ. ಸುಶ್ರುತ ಸಂಹಿತೆಯಲ್ಲಿ ಮಂಡೂಕಪರ್ಣಿಗೂ ಬ್ರಾಹ್ಮಿಗೂ ಬೇರೆ ಬೇರೆ ವಿಧಾನ ಹೇಳಿದೆ. ಅಂದರೆ ಆಗಿನವರಿಗೆ ಎರಡೂ ಬೇರೆ ಎಂದು ಗೊತ್ತಿತ್ತು. ಹದಿನಾರನೇ ಶತಮಾನದ ಭಾವಪ್ರಕಾಶಕ್ಕೆ ಬರುವಾಗ ಎರಡರ ಗುಣವನ್ನೂ ಒಟ್ಟಿಗೇ ಹೇಳಿ ಮುಗಿಸಿದ್ದಾರೆ. ಒಂದು ಸಿಗದಿದ್ದರೆ ಇನ್ನೊಂದು ಹಾಕುವುದು, ಊರಿಗೊಂದು ಹೆಸರು ಹೇಳುವುದು, ಹೀಗೆಲ್ಲ ಸೇರಿ ಕಲಸಿ ಹೋಯಿತು. ಕೇಂದ್ರ ಸರ್ಕಾರ ಪ್ರಕಟಿಸುವ ಆಯುರ್ವೇದ ಔಷಧ ಕೋಶ ಈಗ ಗೆರೆ ಎಳೆದಿದೆ, ಬ್ರಾಹ್ಮಿ ಎಂದರೆ ನೀರು ಬ್ರಾಹ್ಮಿ, ಮಂಡೂಕಪರ್ಣಿ ಎಂದರೆ ನಮ್ಮ ಒಂದೆಲಗ. ಆದರೆ ಕಾಗದದ ಗೆರೆ ಅಂಗಡಿವರೆಗೆ ಬಂದಂತೆ ಕಾಣುವುದಿಲ್ಲ. ಬ್ರಾಹ್ಮಿ ಪುಡಿ, ಬ್ರಾಹ್ಮಿ ಮಾತ್ರೆ ಕೊಳ್ಳುವಾಗ ಹಿಂದೆ ಸಣ್ಣ ಅಕ್ಷರದಲ್ಲಿ ಸಸ್ಯದ ಶಾಸ್ತ್ರೀಯ ಹೆಸರು ಬರೆದಿರುತ್ತದೆ. ಸೆಂಟೆಲ್ಲಾ ಎಂದಿದ್ದರೆ ಒಂದೆಲಗ, ಬಕೋಪಾ ಎಂದಿದ್ದರೆ ನೀರು ಬ್ರಾಹ್ಮಿ.

ಈಗ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವ.

1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡರು. ಕೆಲವು ವರ್ಷಗಳ ನಂತರ ಅಲ್ಲಿನ ಡಚ್ ಅಧಿಕಾರಿಯಾಗಿ ಬಂದವನು ಹೆಂಡ್ರಿಕ್ ವಾನ್ ರೀಡ್. ಅವನಿಗೆ ಗಿಡಮೂಲಿಕೆಯ ಹುಚ್ಚು. ಜೊತೆಗೆ ಲೆಕ್ಕಾಚಾರವೂ ಇತ್ತು. ಇಲ್ಲಿನ ಸಿಪಾಯಿಗಳಿಗೆ ಕಾಯಿಲೆ ಬಂದರೆ ಯುರೋಪಿನಿಂದ ಹಡಗಿನಲ್ಲಿ ಮದ್ದು ತರಿಸಬೇಕಿತ್ತು, ಅದು ಬಂದು ಮುಟ್ಟುವಾಗ ಹಾಳಾಗಿರುತ್ತಿತ್ತು. ಇಲ್ಲೇ ಬೆಳೆಯುವ ಮದ್ದು ಯಾವುದು ಎಂದು ಬರೆದಿಟ್ಟರೆ ಕಂಪನಿಗೆ ಲಾಭ. ಹೀಗೆ ಹುಟ್ಟಿದ್ದು 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಲ್ಯಾಟಿನ್ ಗ್ರಂಥ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮುದ್ರಣವಾಯಿತು. ಅದರಲ್ಲಿ 700ಕ್ಕೂ ಮಿಕ್ಕಿ ಗಿಡಗಳ ದೊಡ್ಡ ದೊಡ್ಡ ಚಿತ್ರಗಳಿವೆ. ಹತ್ತನೇ ಸಂಪುಟದಲ್ಲಿ ನಮ್ಮ ಒಂದೆಲಗವೂ ಇದೆ, ಕೊಡಗಂ ಎಂಬ ಮಲಯಾಳಿ ಹೆಸರಿನಲ್ಲಿ.

ರೀಡ್‌ನಿಗೆ ಇಷ್ಟೆಲ್ಲ ಹೇಳಿಕೊಟ್ಟವರು ಯಾರು? ಮುಖ್ಯವಾಗಿ ನಾಲ್ಕು ಜನ. ಒಬ್ಬರು ಈಳವ ಸಮುದಾಯದ ವೈದ್ಯ ಇಟ್ಟಿ ಅಚ್ಯುತನ್. ಉಳಿದ ಮೂವರು ಕೊಚ್ಚಿಯ ಕೊಂಕಣಿ ವೈದ್ಯರು, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಅವರು 1675ರಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ನಾಗರಿ ಲಿಪಿಯಲ್ಲಿದ್ದು, ಗ್ರಂಥದ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ಕೊಂಕಣಿ ಭಾಷೆ ಅಚ್ಚಿನಲ್ಲಿ ಬಂದ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಗಿಡಗಳ ಹೆಸರನ್ನೂ ರೋಮನ್, ಮಲಯಾಳಂ, ಅರಬ್ಬೀ, ನಾಗರಿ ಲಿಪಿಗಳಲ್ಲಿ ಕೆತ್ತಿಸಿದ್ದಾರೆ.

ಇಲ್ಲಿ ನಮ್ಮ ಊರಿನ ಎಳೆ ಸಿಗುತ್ತದೆ. ಕೊಚ್ಚಿಯ ಕೊಂಕಣಿ ಕುಟುಂಬಗಳ ಹಿರಿಯರು ಗೋವೆಯಿಂದ ಹೊರಟವರು. ಹಾಗೆ ಹೊರಟವರು ಕರಾವಳಿಯ ಗುಂಟ ಹೊನ್ನಾವರ, ಭಟ್ಕಳ, ಬಸ್ರೂರು, ಗಂಗೊಳ್ಳಿ, ಮಂಗಳೂರು ಎಂದು ಅಲ್ಲಲ್ಲಿ ನೆಲೆ ನಿಲ್ಲುತ್ತ ದಕ್ಷಿಣಕ್ಕೆ ಹಬ್ಬಿದರು. ಒಂದೆಲಗ ಹಬ್ಬಿದ ಹಾಗೆಯೇ ಎನ್ನಬಹುದು, ಗೆಣ್ಣು ಮುಟ್ಟಿದಲ್ಲಿ ಬೇರು. ಆಗ ಬಸ್ರೂರು ಸಣ್ಣ ಊರಲ್ಲ. ಯುರೋಪಿನವರು ಬಾರ್ಸೆಲೋರ್ ಎಂದು ಕರೆಯುತ್ತಿದ್ದ ಅಕ್ಕಿಯ ಬಂದರು. ಪೋರ್ಚುಗೀಸರು ಕೋಟೆ ಕಟ್ಟಿದ್ದರು, 1665ರಲ್ಲಿ ಶಿವಾಜಿಯ ಹಡಗುಗಳು ಬಂದು ಲೂಟಿ ಮಾಡಿದವು, ಕೆಳದಿ ನಾಯಕರ ಜೊತೆ ಒಪ್ಪಂದ ಮಾಡಿಕೊಂಡು ಡಚ್ಚರೂ ಇಲ್ಲಿ ಕೋಠಿ ಇಟ್ಟರು. ನಮ್ಮ ಬೈಲಿನ ಅಕ್ಕಿ ಮಲಬಾರಿಗೆ ಹೋಗುತ್ತಿತ್ತು. ಅಕ್ಕಿಯ ಜೊತೆ ಜನ, ಜನರ ಜೊತೆ ಮದ್ದಿನ ತಿಳಿವಳಿಕೆ ಓಡಾಡದೆ ಇರುತ್ತದೆಯೇ? ರೀಡ್‌ನ ಪುಸ್ತಕ ಮಲಬಾರಿನದ್ದು ಹೌದು. ಆದರೆ ಅದರ ಹಿಂದಿನ ಜ್ಞಾನ ಈ ಇಡೀ ಕರಾವಳಿಯದ್ದು ಎಂದೇ ನಾವು ಎಣಿಸುತ್ತೇವೆ.

ಒಂದು ಮಾತು ಮಾತ್ರ ನಮ್ಮನ್ನು ಕಾಡುತ್ತದೆ. ನಾಲ್ವರು ವೈದ್ಯರ ಹೆಸರು ಅಚ್ಚಾಗಿ ಉಳಿಯಿತು, ಒಳ್ಳೆಯದಾಯಿತು. ಆ ಕಾಲದ ಎಷ್ಟೋ ಯುರೋಪಿಯನ್ ಪುಸ್ತಕಗಳಲ್ಲಿ ಅಷ್ಟೂ ಇಲ್ಲ. ಆದರೆ ಮಗುವಿನ ಬಾಯಿಹುಣ್ಣಿಗೆ ಇದರ ಎಲೆ ಅಗಿಸಿದವರು, ಬಾಣಂತಿಗೆ ಯಾವಾಗ ಕೊಡಬೇಕು ಯಾವಾಗ ಬೇಡ ಎಂದು ತಿಳಿದವರು, ಮಳೆಗಾಲದ ಹೊಟ್ಟೆ ಕೆಟ್ಟದ್ದಕ್ಕೆ ತಂಬುಳಿ ಮಾಡಿದವರು ಅಡುಗೆಮನೆಯ ಹೆಂಗಸರು. ಅವರ ಹೆಸರು ಯಾವ ಸಂಪುಟದಲ್ಲೂ ಬರಲಿಲ್ಲ.

1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಹೈಡ್ರೊಕೊಟೈಲ್ ಏಷಿಯಾಟಿಕಾ ಎಂದು ಹೆಸರಿಟ್ಟ. 1879ರಲ್ಲಿ ಜರ್ಮನಿಯ ಉರ್ಬನ್ ಅದನ್ನು ಸೆಂಟೆಲ್ಲಾ ಏಷಿಯಾಟಿಕಾ ಎಂದು ಬದಲಿಸಿದ. ಈಗಲೂ ಅದೇ.

ಈ ನಡುವೆ ಸಸ್ಯಶಾಸ್ತ್ರಜ್ಞನೊಬ್ಬ ನಮ್ಮ ಮನೆ ಬಾಗಿಲಿಗೇ ಬಂದಿದ್ದ. ಟಿಪ್ಪು ಸತ್ತ ಮೇಲೆ ಈ ಸೀಮೆ ಇಂಗ್ಲಿಷ್ ಕಂಪನಿಯ ಕೈಗೆ ಬಂತು. ಹೊಸ ಜಮೀನಿನಲ್ಲಿ ಏನೇನಿದೆ ಎಂದು ನೋಡಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದರು. 1801ರ ಆರಂಭದಲ್ಲಿ ಅವನು ಮಂಗಳೂರಿನಿಂದ ಉತ್ತರಕ್ಕೆ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಮೇಲೆ ಹಾದು ಹೋದ. ಗಿಡಗಳ ವಿಷಯದಲ್ಲಿ ದೊಡ್ಡ ಪಂಡಿತ. ಆದರೆ ಕಂಪನಿಗೆ ಬೇಕಿದ್ದದ್ದು ಭತ್ತ, ತೆಂಗು, ಅಡಿಕೆ, ಮೆಣಸು, ಕಂದಾಯ. ಬಚ್ಚಲ ಹಿಂದಿನ ಸೊಪ್ಪಿಗೆ ಕಂದಾಯ ಇಲ್ಲವಲ್ಲ. ಬಂದದ್ದೂ ಬೇಸಗೆ ಶುರುವಾಗುವ ಹೊತ್ತಿಗೆ. ಆಸಾಡಿಯಲ್ಲಿ ಬಂದಿದ್ದರೆ ಬೇರೆಯೇ ಪುಸ್ತಕ ಆಗುತ್ತಿತ್ತೋ ಏನೋ.

ಆಸಾಡಿ ಎಂದದ್ದಕ್ಕೆ ಹೇಳುತ್ತೇವೆ. ಹಿಂದೆ ಆಷಾಢದಲ್ಲಿ ನಮ್ಮ ಕಡೆ ತರಕಾರಿ ಎಂಬುದೇ ಇರಲಿಲ್ಲ. ನೇಜಿ ನೆಟ್ಟಾಗಿದೆ, ಕೈಯಲ್ಲಿ ದುಡ್ಡಿಲ್ಲ, ಕಡಲಿಗೆ ದೋಣಿ ಇಳಿಯುವುದಿಲ್ಲ. ಆಗ ಹಿತ್ತಲು, ಹಾಡಿಯೇ ಅಂಗಡಿ. ಕೆಸು, ಚಗಟೆ, ಕಳಲೆ, ಒಂದೆಲಗ. ಒಂದು ಮುಷ್ಟಿ ಒಂದೆಲಗ, ತುಪ್ಪದಲ್ಲಿ ಬಾಡಿಸಿದ ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ ಸೇರಿಸಿ ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಅರೆದು ಮಜ್ಜಿಗೆ ಹಾಕಿದರೆ ತಂಬುಳಿ. ಕುದಿಸಬಾರದು. ಮಜ್ಜಿಗೆ ಇಲ್ಲದ ಮನೆಯಲ್ಲಿ ಹುಣಸೆಹುಳಿ, ಸುಟ್ಟ ಮೆಣಸು ಹಾಕಿ ಗಟ್ಟಿ ಚಟ್ನಿ, ಕುಚ್ಚಲಕ್ಕಿ ಗಂಜಿಗೆ. ಈಗ ಮಿಕ್ಸಿಯಲ್ಲಿ ಎರಡು ನಿಮಿಷ. ಕೆಲವರು ಬೇರನ್ನೂ ತೊಳೆದು ಹಾಕುತ್ತಾರೆ, ಪರಿಮಳ ಅದರಲ್ಲೇ ಇದೆ ಎಂದು. ನಮ್ಮ ಗುಂಪಿನಲ್ಲಿ ಇದಕ್ಕೆ ಎರಡು ಪಕ್ಷ ಇದೆ, ಇನ್ನೂ ತೀರ್ಮಾನ ಆಗಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಈ ಸೊಪ್ಪು ಒಂದು ಭಯಂಕರ ಕಾಯಿಲೆಯ ಮದ್ದಾಗಿ ಜಗತ್ತಿನ ಕಣ್ಣಿಗೆ ಬಿತ್ತು. ಕುಷ್ಠರೋಗ. 1850ರ ದಶಕದಲ್ಲಿ ಮಾರಿಷಸ್ ದ್ವೀಪದಲ್ಲಿ ಬುವಾಲೋ ಎಂಬ ಫ್ರೆಂಚ್ ವೈದ್ಯ ಇದನ್ನು ಕುಷ್ಠಕ್ಕೆ ಬಳಸಿ ಗುಣ ಕಂಡಿದೆ ಎಂದ. 1855ರಲ್ಲಿ ಪಾಂಡಿಚೇರಿಯ ಔಷಧ ತಜ್ಞ ಲೆಪಿನ್ ಎಲೆಯಿಂದ ಎಣ್ಣೆಯಂಥ ಪದಾರ್ಥವೊಂದನ್ನು ಬೇರ್ಪಡಿಸಿ, ತಮಿಳಿನ ವಲ್ಲಾರೈ ಹೆಸರಿನಿಂದಲೇ ಅದಕ್ಕೆ ವೆಲ್ಲರಿನ್ ಎಂದು ಹೆಸರಿಟ್ಟ. ಮದರಾಸಿನ ಕುಷ್ಠರೋಗಿಗಳ ಆಸ್ಪತ್ರೆಯಲ್ಲೂ ಪ್ರಯೋಗ ನಡೆಯಿತು. ಅಲ್ಲಿನ ವೈದ್ಯರ ಅಭಿಪ್ರಾಯ ಏನೆಂದರೆ, ಹುಣ್ಣು ಒಣಗುತ್ತದೆ, ಚರ್ಮ ಸುಧಾರಿಸುತ್ತದೆ, ಆದರೆ ಕುಷ್ಠಕ್ಕೇ ಇದು ಮದ್ದು ಎಂದು ಹೇಳಲಾಗದು. 1868ರಲ್ಲಿ ಪ್ರಕಟವಾದ ಬ್ರಿಟಿಷ್ ಇಂಡಿಯಾದ ಅಧಿಕೃತ ಔಷಧ ಕೋಶದಲ್ಲಿ ಒಂದೆಲಗಕ್ಕೆ ಜಾಗ ಸಿಕ್ಕಿತು.

ಆಗ ನಾವೂ ಮದರಾಸಿನವರೇ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಬೊಂಬಾಯಿಗೆ ಕೊಟ್ಟಾಗ ಕುಂದಾಪುರ ತಾಲೂಕು ಮಾತ್ರ ಮದರಾಸಿನಲ್ಲೇ ಉಳಿಯಿತು, 1956ರವರೆಗೆ. ಇಂದಿನ ಬೈಂದೂರು ತಾಲೂಕೂ ಅದರೊಳಗೇ ಇತ್ತು.

ಎರಡನೇ ಮಹಾಯುದ್ಧದ ಕಾಲಕ್ಕೆ ಕಥೆ ಮಡಗಾಸ್ಕರ್ ದ್ವೀಪಕ್ಕೆ ಹೋಗುತ್ತದೆ. ಅಲ್ಲೂ ಒಂದೆಲಗ ಧಾರಾಳ. ಫ್ರೆಂಚ್ ಸಂಶೋಧಕರು 1940ರ ದಶಕದಲ್ಲಿ ಏಷಿಯಾಟಿಕೋಸೈಡ್ ಎಂಬ ಸಾರವನ್ನು ಬೇರ್ಪಡಿಸಿ, ಅದು ಗಾಯ ಮಾಯಲು ನೆರವಾಗುತ್ತದೆ ಎಂದು ತೋರಿಸಿದರು. ಅದರಿಂದ ಮಡೆಕಸೋಲ್ ಎಂಬ ಮುಲಾಮು ಬಂತು. ದಕ್ಷಿಣ ಕೊರಿಯಾದಲ್ಲಿ 1970ರಿಂದ ಅದು ಮನೆಮನೆಯ ಗಾಯದ ಮುಲಾಮು. ಈಗ ಅದೇ ಕೊರಿಯಾದಿಂದ ಸಿಕಾ ಎಂಬ ಹೆಸರಿನ ಮುಖದ ಕ್ರೀಮುಗಳು ಬರುತ್ತಿವೆ. ನಮ್ಮ ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ಆರ್ಡರ್ ಮಾಡುವ ಆ ಕ್ರೀಮಿನ ಮುಖ್ಯ ಸರಕು ಅವರದ್ದೇ ಬಾವಿಕಟ್ಟೆಯ ಗಿಡ. ಜಾಹೀರಾತಿನಲ್ಲಿ ಹುಲಿ ಹುಲ್ಲು ಎಂಬ ಹೆಸರೂ ಉಂಟು. ಗಾಯಗೊಂಡ ಹುಲಿಗಳು ಇದರ ಮೇಲೆ ಉರುಳಾಡಿ ಗುಣಪಡಿಸಿಕೊಳ್ಳುತ್ತಿದ್ದವಂತೆ. ನಮ್ಮ ಕಡೆ ಹುಲಿವೇಷ ಗೊತ್ತು, ಕೊಲ್ಲೂರು ಕಾಡಿನ ಹುಲಿಯ ಕಥೆಗಳೂ ಗೊತ್ತು. ಒಂದೆಲಗದ ಮೇಲೆ ಉರುಳಿದ ಹುಲಿಯನ್ನು ನಾವಂತೂ ಕೇಳಿಲ್ಲ.

ಇಲ್ಲಿ ಸ್ವಲ್ಪ ಜಾಗ್ರತೆಯ ಮಾತು. ಕುಷ್ಠಕ್ಕೆ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಮಾತ್ರೆ ಕೊಡುತ್ತಾರೆ, ಪೂರ್ತಿ ಗುಣವಾಗುತ್ತದೆ. ಮೈಮೇಲೆ ಸ್ಪರ್ಶ ಇಲ್ಲದ ಬಿಳಿಚು ಮಚ್ಚೆ ಕಂಡರೆ ಸೊಪ್ಪು ಅರೆದು ಹಚ್ಚುತ್ತ ಕೂರಬೇಡಿ. ನೆನಪಿನ ಶಕ್ತಿಯ ಬಗ್ಗೆ ನಡೆದ ಆಧುನಿಕ ಪರೀಕ್ಷೆಗಳು ಸಣ್ಣವು, ಖಚಿತವಾಗಿ ಹೌದು ಎನ್ನುವಷ್ಟು ಪುರಾವೆ ಇಲ್ಲ. ಹತ್ತನೇ ತರಗತಿ ಪರೀಕ್ಷೆಯ ಹಿಂದಿನ ವಾರ ಮಗುವಿಗೆ ಲೋಟಗಟ್ಟಲೆ ರಸ ಕುಡಿಸಿದರೆ ಅಂಕ ಏರುವುದಿಲ್ಲ. ತಿಂಗಳುಗಟ್ಟಲೆ ಇದರ ಮಾತ್ರೆ ತಿಂದು ಪಿತ್ತಜನಕಾಂಗಕ್ಕೆ ತೊಂದರೆಯಾದವರ ವರದಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಇವೆ. ವಾರಕ್ಕೊಮ್ಮೆ ತಂಬುಳಿ ಬೇರೆ, ದಿನಾ ಮಾತ್ರೆ ಬೇರೆ.

ಇಷ್ಟು ದೂರ ಹೋದ ಗಿಡ ಊರಿನಲ್ಲಿ ಹೇಗಿದೆ? ಅಳಿದು ಹೋಗುವ ಗಿಡಗಳ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಅರ್ಧ ಜಗತ್ತಿನಲ್ಲಿ ಬೆಳೆಯುತ್ತದೆ. ಆದರೆ ಅರ್ಧ ಜಗತ್ತಿನಲ್ಲಿ ಇದ್ದರೆ ನಮಗೇನು ಬಂತು, ಹಿತ್ತಲಲ್ಲಿ ಇಲ್ಲದಿದ್ದರೆ?

ಹಿಂದೆ ಇದು ಉಳಿದದ್ದು ಯಾರೋ ಕಾಪಾಡಿದ್ದರಿಂದ ಅಲ್ಲ, ನಾವು ಬದುಕುತ್ತಿದ್ದ ರೀತಿಯಿಂದ. ದಕ್ಷಿಣ ಕನ್ನಡದ ಕುಮ್ಕಿ ಪದ್ಧತಿ ನಿಮಗೆ ಗೊತ್ತಿರುತ್ತದೆ. ಹಳೆಯ ವರ್ಗ ಜಮೀನಿನ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಸೌದೆ, ಮೇವು ತೆಗೆದುಕೊಳ್ಳುವ ಸೌಲಭ್ಯ ರೈತನಿಗೆ ಇತ್ತು. ಜಾಗ ಅವನದ್ದಲ್ಲ, ಉಪಯೋಗ ಅವನದ್ದು. ಹಾಗಾಗಿ ಮನೆ, ಗದ್ದೆ, ಅದರಾಚೆ ಹಾಡಿ ಎಂದು ಒಂದು ಸಾಲು ಉಳಿದಿತ್ತು. ಹಾಡಿಯ ಮರಗಳು ಮಳೆನೀರು ಹಿಡಿದು, ಆ ನೀರು ಜನವರಿ, ಫೆಬ್ರವರಿವರೆಗೂ ತೋಡಿನಲ್ಲಿ ಒಸರಿ, ಗದ್ದೆಯಂಚು ಹಸಿಯಾಗಿ ಇರುತ್ತಿತ್ತು. ಒಂದೆಲಗಕ್ಕೆ ಬೇಕಾದದ್ದು ಅಷ್ಟೇ, ತುಸು ನೆರಳು, ತುಸು ಹಸಿ, ಆಗಾಗ ಯಾರಾದರೂ ಕಿತ್ತು ಜಾಗ ಸಡಿಲ ಮಾಡುವುದು. ದನ ಮೇದರೂ ಸಾಯುವುದಿಲ್ಲ, ಕತ್ತಿಯಿಂದ ಹೆರೆದರೂ ಮತ್ತೆ ಚಿಗುರುತ್ತದೆ.

ಈಗ ಆ ಸಾಲು ತುಂಡಾಗಿದೆ. ಹಾಡಿ ಇದ್ದಲ್ಲಿ ಅಕೇಶಿಯಾ ನೆಟ್ಟರು. ಅದರ ಒಣಎಲೆ ದಪ್ಪ ಹಾಸಿಗೆಯಂತೆ ಬಿದ್ದು ಅಡಿಯಲ್ಲಿ ಹಸಿರು ಏಳುವುದು ಕಷ್ಟ. ಎತ್ತರದ ಜಾಗದಲ್ಲಿ ಕೆಂಪುಕಲ್ಲಿನ ಕೋರೆ. ಬೈಲಿಗೆ ಮಣ್ಣು ತುಂಬಿಸಿ ಸೈಟು. ಬಾವಿಕಟ್ಟೆಗೆ ಸಿಮೆಂಟು, ಅಂಗಳಕ್ಕೆ ಇಂಟರ್‌ಲಾಕ್, ಬಚ್ಚಲ ನೀರಿಗೆ ಪೈಪು ಮತ್ತು ಇಂಗುಗುಂಡಿ. ಇದರಲ್ಲಿ ಕೆಲವು ಬೇಕಾದದ್ದೇ, ಕೆಸರಿನಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯಂದಿರನ್ನು ನಾವೂ ಕಂಡಿದ್ದೇವೆ. ಆದರೆ ಅಡಿಕೆ ತೋಟಕ್ಕೆ ವರ್ಷಕ್ಕೆರಡು ಸಲ ಹೊಡೆಯುವ ಕಳೆನಾಶಕದ ಮಾತು ಬೇರೆ. ಆಳು ಸಿಗುವುದಿಲ್ಲ, ಕೂಲಿ ಹೆಚ್ಚು, ಹೌದು. ಹಾಗಾದರೆ ಕಳೆ ಕತ್ತರಿಸುವ ಯಂತ್ರ ಹೊಡೆಸಿ, ಒಂದೆಲಗ ಉಳಿಯುತ್ತದೆ. ಮದ್ದು ಹೊಡೆದರೆ ಹುಲ್ಲಿನ ಜೊತೆ ಇದೂ ಒಣಗುತ್ತದೆ, ಮೇಲೆ ಆ ತೋಟದಲ್ಲಿ ಉಳಿದ ನಾಲ್ಕು ಎಲೆ ಚಟ್ನಿಗೆ ಕೀಳುವ ಧೈರ್ಯವೂ ಬರುವುದಿಲ್ಲ.

ಪರಿಣಾಮ ಸಂತೆಯಲ್ಲಿ ಕಾಣುತ್ತದೆ. ಹಿಂದೆ ದುಡ್ಡು ಕೊಟ್ಟು ಯಾರೂ ಕೊಳ್ಳದ ಸೊಪ್ಪು ಈಗ ಬಾಳೆನಾರಿನಲ್ಲಿ ಕಟ್ಟಿ ಮಾರಾಟಕ್ಕೆ ಬರುತ್ತದೆ. ಮಾರುವವರಿಗೆ ನಾಲ್ಕು ಕಾಸು ಆದರೆ ನಮಗೆ ಸಂತೋಷವೇ. ಎಲ್ಲಿ ಕಿತ್ತದ್ದು ಎಂದು ಮಾತ್ರ ಕೇಳಿ. ಒದ್ದೆ ಇದ್ದಲ್ಲೆಲ್ಲ ಬೆಳೆಯುವ ಗಿಡವಾದ್ದರಿಂದ ಪೇಟೆಯ ಚರಂಡಿ ಬದಿಯಲ್ಲೂ ಸೊಂಪಾಗಿಯೇ ಬೆಳೆಯುತ್ತದೆ. ಅಲ್ಲಿನ ಕೊಳೆ ತೊಳೆದರೆ ಪೂರ್ತಿ ಹೋಗುವಂಥದ್ದಲ್ಲ, ಹಸಿಯಾಗಿ ಅರೆದು ಕುಡಿಯುವ ಸೊಪ್ಪು ಬೇರೆ.

ಕೊಲ್ಲೂರು ಸುತ್ತಿನ ಮೂಕಾಂಬಿಕಾ ವನ್ಯಜೀವಿ ಧಾಮ 1974ರಲ್ಲಿ ಘೋಷಣೆಯಾಯಿತು. ಅದರ ಒಳಗಿನ ಹೊಳೆ ಬದಿಗಳಲ್ಲಿ ಒಂದೆಲಗಕ್ಕೆ ಭಯವಿಲ್ಲ. ಭಯ ಇರುವುದು ಧಾಮದ ಹೊರಗೆ, ನಾವು ನೀವು ಇರುವಲ್ಲಿ. ಅಲ್ಲಿಗೆ ಇರುವುದು ಇನ್ನೊಂದು ಕಾನೂನು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಊರಿನವರಿಗೆ ಇರುವ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡಬೇಕು. ಕಂಪನಿಗಳು ಇಲ್ಲಿಂದ ಗಿಡಮೂಲಿಕೆ ಕೊಂಡೊಯ್ದು ವ್ಯಾಪಾರ ಮಾಡಿದರೆ ಅದರಲ್ಲಿ ಊರಿಗೂ ಪಾಲು ಕೇಳಲು ಈ ಕಾನೂನಿನಲ್ಲಿ ದಾರಿ ಇದೆ. ಹಾಗೆ ಕೇಳುವಾಗ ಕೈಯಲ್ಲಿ ಇರಬೇಕಾದ ದಾಖಲೆ ಇದೇ ಪುಸ್ತಕ.

2020ರ ಜನವರಿ ಒಳಗೆ ಇದನ್ನು ಮುಗಿಸಬೇಕು ಎಂದು ಹಸಿರು ನ್ಯಾಯಮಂಡಳಿ ಗಡುವು ಕೊಟ್ಟಿತ್ತು. ಗಡುವಿಗೆ ಓಡಿಸಿ ಬರೆದ ಪುಸ್ತಕ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ನಿಮ್ಮ ಪಂಚಾಯತಿಗೆ ಹೋದಾಗ ಆ ಪುಸ್ತಕ ಕಾಣಿಸಿ ಎಂದು ಕೇಳಿ. ಅದಕ್ಕೆ ಹೊಸತು ಸೇರಿಸಲೂ ಬಹುದು. ಒಂದೆಲಗದ ಎದುರು ಬರೀ ಬ್ರಾಹ್ಮಿ ಎಂದು ಬರೆದಿದ್ದರೆ ಯಾವ ಬ್ರಾಹ್ಮಿ ಎಂದು ವಿಚಾರಿಸಿ. ಉರಗೆ, ತಿಮರೆ, ಏಕಪಾನಿ, ನಿಮ್ಮ ಮನೆಯಲ್ಲಿ ಎಂತ ಹೇಳುತ್ತಾರೋ ಅದನ್ನೂ ಬರೆಸಿ. ಯಾವ ತೋಡಿನ ಬದಿ ಸಿಗುತ್ತದೆ, ಯಾವುದಕ್ಕೆ ಬಳಸುತ್ತೀರಿ, ಯಾರಿಂದ ಕಲಿತದ್ದು ಎಂದು ಸಹ. 1675ರಲ್ಲಿ ಕೊಚ್ಚಿಯ ವೈದ್ಯರು ಮಾಡಿದ್ದೂ ಅದೇ ಕೆಲಸ, ಬರೆಸಿಕೊಂಡವನು ಡಚ್ ಕಂಪನಿಯವನು ಎಂಬುದಷ್ಟೇ ವ್ಯತ್ಯಾಸ.

ನೆಡುವುದಾದರೆ ಈಗಲೇ ಒಳ್ಳೆಯ ಕಾಲ. ಬೇರಿರುವ ಎರಡು ಗೆಣ್ಣು ಸಾಕು. ಬೀಜಕ್ಕೆ ಕಾಯಬೇಡಿ. ಹಳೆಯ ಬಕೆಟಿಗೆ ತೂತು ಕೊರೆದು, ಮಣ್ಣಿಗೆ ಸ್ವಲ್ಪ ಹಟ್ಟಿಗೊಬ್ಬರ ಬೆರೆಸಿ ತುಂಬಿಸಿ, ಬೆಳಿಗ್ಗೆಯ ಬಿಸಿಲು ಮಾತ್ರ ಬೀಳುವ ಕಡೆ ಇಡಿ. ಕೀಳುವಾಗ ಬುಡಸಮೇತ ಎಳೆಯದೆ ತೊಟ್ಟು ಚಿವುಟಿ. ಗಂಜಿ ತೆಳಿ ಚೆಲ್ಲುವುದಿದ್ದರೆ ತಣಿದ ಮೇಲೆ ಅದರ ಬುಡಕ್ಕೇ ಚೆಲ್ಲಿ.